ಕಲ್ಲಿಗೆ ಒಯ್ಯಲಾಗದ ಬಟ್ಟೆ

ಮೈಮೇಲಿನ ಬಟ್ಟೆ ಕೊಳೆಯಾದರೆ ಅದಕ್ಕೊಂದು ದಾರಿಯಿದೆ. ಕಳಚಿ, ನೆನೆಹಾಕಿ, ಕಲ್ಲಿಗೆ ಬಡಿದು, ಹಿಂಡಿ ಬಿಸಿಲಿಗೆ ಹರವಿದರೆ ಸಂಜೆಯ ಹೊತ್ತಿಗೆ ಅದು ಮತ್ತೆ ಮಡಿ. ಆದರೆ ಕಾರಿನ ಸೀಟಿಗೆ ಬಿಗಿದು ಹೊಲಿದ ಬಟ್ಟೆಯನ್ನು, ಕಾಲಡಿಯ ಕಾರ್ಪೆಟ್ಟನ್ನು ಏನು ಮಾಡುವುದು? ಅದನ್ನು ಕಳಚುವಂತಿಲ್ಲ, ಹಿಂಡುವಂತಿಲ್ಲ. ಕೆಳಗಿರುವ ಸ್ಪಂಜು ನೀರು ಕುಡಿದರೆ ದಿನಗಟ್ಟಲೆ ಆರುವುದಿಲ್ಲ. ಆರದಿದ್ದರೆ ಬೂಷ್ಟು, ಬೂಷ್ಟಿನ ಬೆನ್ನಿಗೇ ಮುಗ್ಗಲು ವಾಸನೆ. ಮಗು ಚೆಲ್ಲಿದ ಹಾಲು, ಪ್ರವಾಸದಲ್ಲಿ ಉರುಳಿದ ಸಾಂಬಾರಿನ ಡಬ್ಬಿ, ಮಳೆಗಾಲದ ಕೆಸರು, ತಲೆಗೆ ಹಚ್ಚಿದ ಎಣ್ಣೆಯ ಗುರುತು ಎಲ್ಲವೂ ಅಲ್ಲೇ ಉಳಿಯುತ್ತವೆ.

ಇವುಗಳನ್ನು ತೆಗೆಯುತ್ತೇವೆಂದು ಸಾರುವ ಹತ್ತಾರು ಬಗೆಯ ಶೀಶೆಗಳು ಇಂದು ಅಂಗಡಿಯಲ್ಲಿವೆ. ಯಾವುದನ್ನು ಆರಿಸಬೇಕು? ಈ ಪ್ರಶ್ನೆ ಕಾರಿನಷ್ಟು ಹೊಸದೆಂದು ತೋರಿದರೂ ನಿಜವಾಗಿ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಅದರ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ‘ಯಾವುದು ಹೆಚ್ಚು ಪ್ರಬಲ?’ ಎಂದು ಕೇಳಿದ ಕಾಲಗಳು ಅದಕ್ಕೆ ಬೆಂಕಿಯಲ್ಲಿ, ರೋಗದಲ್ಲಿ ಬೆಲೆ ತೆತ್ತಿವೆ. ‘ಇದು ಯಾವ ಬಟ್ಟೆ, ಇದು ಯಾವ ಕಲೆ?’ ಎಂದು ಕೇಳಿದವರಿಗೆ ಬಹುಪಾಲು ಮನೆಯಲ್ಲಿರುವ ಸರಳ ವಸ್ತುಗಳೇ ಸಾಕಾಗಿವೆ.

ಬಟ್ಟೆಗೊಂದು ಮದ್ದು

ಸಾಮಾಜಿಕ ಕಟ್ಟಳೆಗಳ ಕಾರಣಕ್ಕೆ ಇಂದಿಗೂ ತೀವ್ರ ಚರ್ಚೆಗೆ ಒಳಗಾಗಿರುವ ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಹೆಚ್ಚು ಜನ ಗಮನಿಸದ ಒಂದು ಪಟ್ಟಿಯಿದೆ. ರೇಷ್ಮೆಗೂ ಉಣ್ಣೆಗೂ ಕ್ಷಾರದ ಮಣ್ಣು, ಆಡಿನ ಕೂದಲಿನ ಕಂಬಳಿಗೆ ಅಂಟುವಾಳ, ನಾರಿನಿಂದ ನೇಯ್ದ ನವಿರು ವಸ್ತ್ರಕ್ಕೆ ಬಿಲ್ವದ ಕಾಯಿ, ಅಗಸೆ ನಾರಿನ ಬಟ್ಟೆಗೆ ಬಿಳಿ ಸಾಸಿವೆ, ಹೀಗೆ ಒಂದೊಂದು ಬಟ್ಟೆಗೆ ಒಂದೊಂದು ಶೋಧಕ ವಸ್ತುವನ್ನು ಅದು ಹೇಳುತ್ತದೆ. ಇಂದಿನ ರಸಾಯನಶಾಸ್ತ್ರ ಇದೆಲ್ಲವನ್ನೂ ಒಪ್ಪಲಾರದು. ರೇಷ್ಮೆ ಮತ್ತು ಉಣ್ಣೆ ಪ್ರಾಣಿಜನ್ಯ ಪ್ರೋಟೀನು. ಕ್ಷಾರ ಅವುಗಳಿಗೆ ಹಿತವಲ್ಲ. ಆದರೆ ಎಲ್ಲ ಬಟ್ಟೆಗೂ ಒಂದೇ ಮದ್ದು ಸಲ್ಲದು ಎಂಬ ತಿಳಿವಳಿಕೆ ಅಲ್ಲಿ ಸ್ಪಷ್ಟವಾಗಿದೆ.

ಕೌಟಿಲ್ಯನ ಅರ್ಥಶಾಸ್ತ್ರ ಇನ್ನೊಂದು ಬದಿಯಿಂದ ಇದೇ ಮಾತನ್ನು ಆಡುತ್ತದೆ. ಬಟ್ಟೆಯನ್ನು ಮರದ ಹಲಗೆಯ ಮೇಲೆ ಇಲ್ಲವೇ ನುಣುಪಾದ ಕಲ್ಲಿನ ಮೇಲೆ ಮಾತ್ರ ಒಗೆಯಬೇಕು. ಬೇರೆಡೆ ಒಗೆದು ಹಾಳುಮಾಡಿದರೆ ನಷ್ಟ ಕಟ್ಟಿಕೊಡುವುದಲ್ಲದೆ ಆರು ಪಣ ದಂಡ. ಕೊಳೆ ಹೋಗುವುದಷ್ಟೇ ಮುಖ್ಯವಲ್ಲ, ಬಟ್ಟೆ ಉಳಿಯುವುದೂ ಮುಖ್ಯ ಎಂಬುದು ಈ ನಿಯಮದ ತಿರುಳು.

ಶಾಸ್ತ್ರಗಳು ಬರೆದಿಟ್ಟದ್ದು ಕೆಲವು ಸಾಲು. ನಿಜವಾದ ವಿದ್ಯೆ ಇದ್ದದ್ದು ಕೆರೆಯ ದಂಡೆಯಲ್ಲಿ, ಮಡಿವಾಳರ ಕೈಯಲ್ಲಿ. ಬಯಲುಸೀಮೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಕ್ಕುವ ಚೌಳು ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆಂದು ಯಾವ ಪುಸ್ತಕವೂ ಅವರಿಗೆ ಹೇಳಿಕೊಡಲಿಲ್ಲ. ಆ ಮಣ್ಣಿನ ತಿಳಿಯಲ್ಲಿ ಹತ್ತಿ ಬಟ್ಟೆ ಅದ್ದಿ, ಉಬ್ಬೆಗೆ ಹಾಕಿ, ಹಬೆಯಲ್ಲಿ ಬೇಯಿಸಿದರೆ ಜಿಡ್ಡು ಬಿಡುತ್ತದೆಂದು ಅವರು ಅನುಭವದಿಂದ ಬಲ್ಲರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಿದೇವರು ಪಡೆದ ಗೌರವವನ್ನು ಈ ಕಾಯಕದಿಂದ ಬೇರ್ಪಡಿಸಿ ನೋಡಲಾಗದು. ಊರಿನ ಕೊಳೆ ತೆಗೆದವರನ್ನೇ ಊರು ಕೀಳಾಗಿ ಕಂಡಿತ್ತು ಎಂಬುದೂ ಅಷ್ಟೇ ಸತ್ಯ.

ಇನ್ನು ಅಂಟುವಾಳ. ಮೈಸೂರು ಸೀಮೆಯ ಮನೆಗಳಲ್ಲಿ ರೇಷ್ಮೆ ಸೀರೆಗೆ ಇಂದಿಗೂ ಇದರ ನೊರೆಯನ್ನೇ ನಂಬುವವರಿದ್ದಾರೆ. ಇದರ ಸಿಪ್ಪೆಯಲ್ಲಿ ಸ್ಯಾಪೊನಿನ್ ಎಂಬ ಅಂಶವಿದೆ. ಅದರ ಅಣುವಿನ ಒಂದು ಭಾಗಕ್ಕೆ ನೀರು ಪ್ರಿಯ, ಇನ್ನೊಂದು ಭಾಗಕ್ಕೆ ಎಣ್ಣೆ ಪ್ರಿಯ. ಎಣ್ಣೆಯನ್ನು ಹಿಡಿದು ನೀರಿಗೆ ಒಪ್ಪಿಸುವ ಈ ಕೆಲಸವನ್ನೇ ಸೋಪೂ ಮಾಡುತ್ತದೆ. ಆದರೆ ಸೋಪಿನಲ್ಲಿರುವ ಕ್ಷಾರಗುಣ ಅಂಟುವಾಳಕ್ಕಿಲ್ಲ; ಹೀಗಾಗಿ ಉಣ್ಣೆಗೂ ರೇಷ್ಮೆಗೂ ಅದು ಸೌಮ್ಯ. ಈ ಮರಗಳ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಕೊಟ್ಟ ‘ಸ್ಯಾಪಿಂಡಸ್’ ಎಂಬ ಹೆಸರಿನ ಅರ್ಥವೇ ‘ಭಾರತದ ಸೋಪು’.

ನೀರಿಲ್ಲದ ಒಗೆತ

ಪಶ್ಚಿಮದಲ್ಲಿಯೂ ಕಥೆ ಮಣ್ಣಿನಿಂದಲೇ ಆರಂಭವಾಗುತ್ತದೆ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೈ ನಗರದಲ್ಲಿ ಉಣ್ಣೆಬಟ್ಟೆ ಶುಚಿಗೊಳಿಸುವ ಕಾರ್ಖಾನೆಗಳ ಕುರುಹು ಸಿಕ್ಕಿದೆ. ರೋಮನ್ನರು ಹಳಸಿದ ಮೂತ್ರದಲ್ಲಿನ ಅಮೋನಿಯಾದಿಂದ ಜಿಡ್ಡು ಬಿಡಿಸುತ್ತಿದ್ದರು. ಎಣ್ಣೆ ಹೀರುವ ಒಂದು ಬಗೆಯ ಜೇಡಿಯನ್ನೂ ಬಳಸುತ್ತಿದ್ದರು. ನಮ್ಮ ಮುಲ್ತಾನಿ ಮಿಟ್ಟಿ ಅದೇ ಜಾತಿಯದು. ಅದರ ಪುಡಿಯನ್ನು ಜಿಡ್ಡಿನ ಕಲೆಯ ಮೇಲೆ ಉದುರಿಸಿ, ಕೆಲವು ಗಂಟೆ ಬಿಟ್ಟು ಬ್ರಷ್ಷಿನಿಂದ ಕೊಡವಿದರೆ ನೀರಿನ ಹಂಗಿಲ್ಲದೆ ಎಣ್ಣೆ ಪುಡಿಗೆ ಏರುತ್ತದೆ. ಕಲ್ಲಿಗೆ ಒಯ್ಯಲಾಗದ ಬಟ್ಟೆಗೆ ಮನುಷ್ಯ ಕಂಡುಕೊಂಡ ಮೊದಲ ಉಪಾಯಗಳಲ್ಲಿ ಇದೂ ಒಂದು.

ಹತ್ತೊಂಬತ್ತನೆಯ ಶತಮಾನದ ಯುರೋಪು, ಅಮೆರಿಕಗಳಲ್ಲಿ ಮಕಮಲ್ಲಿನ ಕುರ್ಚಿ, ಭಾರಿ ಪರದೆ, ನೆಲದಗಲದ ರತ್ನಗಂಬಳಿ ಮಧ್ಯಮವರ್ಗದ ಮನೆಗೂ ಬಂದವು. ಉಣ್ಣೆಯ ಕೋಟಿನಂತೆಯೇ ಇವಕ್ಕೂ ನೀರು ತಾಗಿದರೆ ಕುಗ್ಗುವ, ಬಣ್ಣ ಬಿಡುವ ಭಯ. 1821ರಲ್ಲಿ ನ್ಯೂಯಾರ್ಕಿನ ದರ್ಜಿ ಥಾಮಸ್ ಜೆನ್ನಿಂಗ್ಸ್ ಬಟ್ಟೆಯನ್ನು ಒಣದಾಗಿಯೇ ಶುಚಿಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೊದಲ ಕರಿಯ ಜನಾಂಗದ ವ್ಯಕ್ತಿಯೆಂದು ಆತನ ಹೆಸರು ಚರಿತ್ರೆಯಲ್ಲಿದೆ. ಆತ ಗುಲಾಮಗಿರಿ ವಿರೋಧಿ ಹೋರಾಟದಲ್ಲಿಯೂ ತೊಡಗಿದ್ದ. ಆತನ ವಿಧಾನ ಏನೆಂಬುದು ಮಾತ್ರ 1836ರಲ್ಲಿ ಪೇಟೆಂಟ್ ಕಚೇರಿಗೆ ಬಿದ್ದ ಬೆಂಕಿಯಲ್ಲಿ ಕಾಗದಗಳೊಡನೆ ಸುಟ್ಟುಹೋಯಿತು.

ಪ್ಯಾರಿಸಿನ ಜೋಲಿ ಎಂಬ ವ್ಯಾಪಾರಿಯ ಕಥೆ ಹೆಚ್ಚು ಪ್ರಚಲಿತ. ಮನೆಗೆಲಸದಾಕೆ ಮೇಜಿನ ಬಟ್ಟೆಯ ಮೇಲೆ ದೀಪದ ಎಣ್ಣೆ ಚೆಲ್ಲಿದಳಂತೆ. ಚೆಲ್ಲಿದ ಜಾಗವೇ ಉಳಿದ ಭಾಗಕ್ಕಿಂತ ಶುಭ್ರವಾಗಿ ಕಂಡಿತಂತೆ. ಕಥೆ ನಿಜವಿರಲಿ ಬಿಡಲಿ, ತತ್ವ ನಿಜ. ಎಣ್ಣೆಯನ್ನು ಕರಗಿಸಲು ಎಣ್ಣೆಯಂಥ ದ್ರವವೇ ಬೇಕು. ಟರ್ಪೆಂಟೈನ್, ಬೆಂಜೀನ್, ಕೊನೆಗೆ ಪೆಟ್ರೋಲ್ ಹೀಗೆ ಸಾಲುಗಟ್ಟಿ ಬಂದವು. ಜಿಡ್ಡು ಹೋಯಿತು, ಜೊತೆಗೆ ಅಂಗಡಿಗಳಿಗೆ ಬೆಂಕಿ ಬೀಳತೊಡಗಿತು. ಸುಲಭವಾಗಿ ಹೊತ್ತಿಕೊಳ್ಳದ ಪೆಟ್ರೋಲಿಯಂ ದ್ರಾವಕವೊಂದು ಬಳಕೆಗೆ ಬರಲು 1920ರ ದಶಕದವರೆಗೆ ಕಾಯಬೇಕಾಯಿತು.

ಮುಚ್ಚಿದ ಕಾರು, ಮುಚ್ಚಿಟ್ಟ ವಿಷ

ಇದೇ ದಶಕದಲ್ಲಿ ಕಾರಿನ ಸ್ವರೂಪವೂ ಬದಲಾಯಿತು. ಮೊದಲ ಕಾರುಗಳು ತೆರೆದ ಗಾಡಿಗಳು. ಮಳೆ ಬಿಸಿಲಿಗೆ ಒಡ್ಡಿಕೊಂಡ ಸೀಟಿಗೆ ಚರ್ಮವೇ ಸರಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು. ಅಮೆರಿಕದಲ್ಲಿ 1919ರಲ್ಲಿ ಮಾರಾಟವಾದ ಕಾರುಗಳಲ್ಲಿ ಸುತ್ತ ಗಾಜು ಮುಚ್ಚಿದವು ನೂರಕ್ಕೆ ಸುಮಾರು ಹತ್ತು ಮಾತ್ರ. 1927ರ ವೇಳೆಗೆ ಅವು ನೂರಕ್ಕೆ ಎಂಬತ್ತೈದರಷ್ಟಾದವು. ಮಾಡು ಬಂದೊಡನೆ ಒಳಗೆ ಉಣ್ಣೆಬಟ್ಟೆ, ಮಕಮಲ್ಲು, ಕಾರ್ಪೆಟ್ಟು ಬಂದವು. ಕಾರು ಸಣ್ಣದೊಂದು ಬೈಠಕ್ ಕೋಣೆಯಾಯಿತು. ಆ ಕೋಣೆಯ ಕೊಳೆಯೂ ಜೊತೆಗೇ ಬಂತು.

ಪೆಟ್ರೋಲಿನ ಬೆಂಕಿಗೆ ಹೆದರಿದವರಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ವರವಾಗಿ ಕಂಡಿತು. ಅದು ಹೊತ್ತಿಕೊಳ್ಳುವುದಿಲ್ಲ, ಅಷ್ಟೇ ಅಲ್ಲ, ಬೆಂಕಿ ಆರಿಸುವ ಡಬ್ಬಿಗಳಲ್ಲಿಯೂ ಅದನ್ನೇ ತುಂಬುತ್ತಿದ್ದರು. ಕಲೆ ತೆಗೆಯುವ ಶೀಶೆಯಾಗಿ ಅದು ಮನೆಮನೆಗೂ ಹೋಯಿತು. ಆದರೆ ಅದರ ಆವಿ ಯಕೃತ್ತನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತಿತ್ತು. ಗಾಳಿಯಾಡದ ಜಾಗದಲ್ಲಿ ಬಳಸಿದವರಿಗೆ ಅಪಾಯ ಹೆಚ್ಚು, ಕಾರಿನ ಒಳಭಾಗ ಅಂಥದೇ ಜಾಗ. 1970ರಲ್ಲಿ ಅಮೆರಿಕ ಮನೆಬಳಕೆಯ ವಸ್ತುಗಳಲ್ಲಿ ಅದನ್ನು ನಿಷೇಧಿಸಿತು. ಓಜೋನ್ ಪದರಕ್ಕೂ ಅದು ಮಾರಕವೆಂದು ತಿಳಿದ ಮೇಲೆ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೂ ಸೇರಿತು.

1930ರ ದಶಕದಿಂದ ಅದರ ಸ್ಥಾನಕ್ಕೆ ಪರ್ಕ್ಲೋರೋಎಥಿಲೀನ್ ಬಂದು ಡ್ರೈ ಕ್ಲೀನಿಂಗ್ ಅಂಗಡಿಗಳನ್ನು ಆಳಿತು. ಅದೂ ನಿರಪಾಯಕಾರಿಯಾಗಿರಲಿಲ್ಲ. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಬಹುಶಃ ಕ್ಯಾನ್ಸರ್‌ಕಾರಕವಾದ ವಸ್ತುಗಳ ಸಾಲಿಗೆ ಸೇರಿಸಿತು. 2024ರ ಡಿಸೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಗ್ರಾಹಕರ ಬಳಕೆಯಲ್ಲಿ ಅದನ್ನು ನಿಷೇಧಿಸಿ ಡ್ರೈ ಕ್ಲೀನಿಂಗಿನಲ್ಲಿ ಹತ್ತು ವರ್ಷಗಳಲ್ಲಿ ಹಂತಹಂತವಾಗಿ ಕೈಬಿಡುವ ನಿಯಮ ಪ್ರಕಟಿಸಿತು. ಬೆಂಕಿಯಿಂದ ಪಾರಾಗಲು ಹೊರಟು ವಿಷದ ಕೈಗೆ ಸಿಕ್ಕಿದ ಈ ಕಥೆಯಲ್ಲಿ ಹೆಚ್ಚು ನಷ್ಟ ಅನುಭವಿಸಿದವರು ಶುಭ್ರ ಬಟ್ಟೆ ತೊಟ್ಟವರಲ್ಲ. ದಿನವಿಡೀ ಆ ಆವಿಯ ನಡುವೆ ನಿಂತು ದುಡಿದವರು.

ಮೊದಲು ಧೂಳು

ಇಷ್ಟರ ನಡುವೆ ಬೇರೊಂದು ದಾರಿಯೂ ತೆರೆದಿತ್ತು. 1901ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಧೂಳನ್ನು ಊದಿ ಹಾರಿಸುವ ಯಂತ್ರವೊಂದನ್ನು ನೋಡಿ, ಊದುವ ಬದಲು ಹೀರಬಾರದೇಕೆ ಎಂದು ಯೋಚಿಸಿದ. ಆತನೇ ಹೇಳಿಕೊಂಡಂತೆ, ಹೋಟೆಲೊಂದರ ಮಕಮಲ್ ಸೀಟಿನ ಮೇಲೆ ಕರವಸ್ತ್ರ ಹರಡಿ, ಬಾಯಿಟ್ಟು ಗಾಳಿ ಹೀರಿದ. ಕೆಮ್ಮಿ ಕೆಮ್ಮಿ ಸಾಕಾಯಿತು. ಆದರೆ ಕರವಸ್ತ್ರದ ಕೆಳಮೈಯಲ್ಲಿ ಧೂಳು ಕಪ್ಪಗೆ ಕೂತಿತ್ತು. ವ್ಯಾಕ್ಯೂಮ್ ಕ್ಲೀನರಿನ ಜನನವಾದದ್ದು ಹೀಗೆ. ಮರುವರ್ಷ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್ಸ್ಟರ್ ಅಬೆಯ ರತ್ನಗಂಬಳಿ ಶುಚಿಯಾದದ್ದು ಇದೇ ಯಂತ್ರದಿಂದ.

ಬೂತ್ ಕಲಿಸಿದ ಪಾಠ ಸರಳ. ಕಾರ್ಪೆಟ್ಟಿನ ಕೊಳೆಯಲ್ಲಿ ದೊಡ್ಡ ಪಾಲು ಒಣ ಧೂಳು, ಮರಳು. ಅದಕ್ಕೆ ಯಾವ ರಾಸಾಯನಿಕವೂ ಬೇಡ. ಅದನ್ನು ತೆಗೆಯದೆ ನೀರು ಹಾಕಿದರೆ ಧೂಳೇ ಕೆಸರಾಗುತ್ತದೆ.

ಧೂಳು ಹೋದ ಮೇಲೆ ಉಳಿಯುವ ಜಿಡ್ಡಿಗೆ ಇಪ್ಪತ್ತನೆಯ ಶತಮಾನ ಕೊಟ್ಟ ಉತ್ತರ ಡಿಟರ್ಜೆಂಟ್. ಮೊದಲ ಮಹಾಯುದ್ಧದಲ್ಲಿ ಕೊಬ್ಬಿನ ಅಭಾವದಿಂದ ಸೋಪು ಸಿಗದಾದಾಗ ಜರ್ಮನರು ಹುಡುಕಿದ ಬದಲಿ ಇದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ಗಸಿಯಾಗುತ್ತದೆ. ಕೊಳವೆಬಾವಿಯ ನೀರು ಬಳಸುವ ಊರಿನವರಿಗೆ ಇದು ಹೊಸ ವಿಷಯವಲ್ಲ. ಹಿಂಡಿ ತೊಳೆಯಬಲ್ಲ ಬಟ್ಟೆಯಿಂದ ಆ ಗಸಿ ಹೋದೀತು, ಸೀಟಿನಿಂದ ಹೋಗದು. ಡಿಟರ್ಜೆಂಟಿಗೆ ಈ ದೋಷವಿಲ್ಲ. ಅಮೆರಿಕದಲ್ಲಿ 1946ರಲ್ಲಿ ಟೈಡ್, ಭಾರತದಲ್ಲಿ 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದವು. ಕಾರ್ಪೆಟ್ ಶಾಂಪೂಗಳಲ್ಲಿ ಇದೇ ಜಾತಿಯ, ಆದರೆ ಒಣಗಿದಾಗ ಅಂಟಾಗದೆ ಪುಡಿಯಾಗುವ ವಸ್ತು ಹಾಕುತ್ತಾರೆ. ನೊರೆ ಕೊಳೆಯನ್ನು ಹಿಡಿದು ಒಣಗಿ ಪುಡಿಯಾದ ಮೇಲೆ ಅದನ್ನು ಹೀರಿ ತೆಗೆಯುವುದು ಅದರ ಉಪಾಯ. ಬಟ್ಟೆ ಒಗೆಯುವ ಪುಡಿಯನ್ನು ಧಾರಾಳವಾಗಿ ಹಾಕಿದರೆ ಮಾತ್ರ ಉಳಿದ ಅಂಟು ಮತ್ತೆ ಧೂಳನ್ನು ಸೆಳೆಯುತ್ತದೆ. ಶುಚಿಗೊಳಿಸಿದ ಜಾಗವೇ ವಾರದಲ್ಲಿ ಹೆಚ್ಚು ಕಪ್ಪಾಗುತ್ತದೆ.

ಬಿಳಿ ಟವೆಲಿನ ಜಾಣತನ

ಭಾರತದ ಕಾರುಗಳು ಈ ತಂಟೆಯಿಂದ ಬಹುಕಾಲ ದೂರವಿದ್ದವು. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್‌ನ ರೆಕ್ಸಿನ್ ಸೀಟನ್ನು ಒರೆಸಿದರೆ ಸಾಕಿತ್ತು. ಬೇಸಿಗೆಯಲ್ಲಿ ಅದು ಸುಡುತ್ತದೆ, ಬೆವರು ಹೀರದು. ಆದ್ದರಿಂದ ಅಧಿಕಾರಿಗಳ ಕಾರಿನಲ್ಲಿ ಅದರ ಮೇಲೊಂದು ಬಿಳಿ ಟವೆಲು. ಅಧಿಕಾರದ ಗುರುತೆಂದು ನಗೆಗೀಡಾದ ಆ ಟವೆಲಿನಲ್ಲಿ ಜಾಣತನವೂ ಇತ್ತು: ಕಲ್ಲಿಗೆ ಒಯ್ಯಲಾಗದ ಸೀಟಿಗೆ ಕಲ್ಲಿಗೆ ಒಯ್ಯಬಹುದಾದ ಹೊದಿಕೆ. ಬಟ್ಟೆಯ ಸೀಟು ಸಾಮಾನ್ಯವಾದ ಮೇಲೆ ಆಯ್ಕೆಯ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಂತು.

ಉತ್ತರ ಕಲೆಯಲ್ಲಿಯೇ ಇದೆ. ಹಾಲು, ಮೊಟ್ಟೆ, ರಕ್ತ ಪ್ರೋಟೀನಿನ ಕಲೆಗಳು; ಬಿಸಿನೀರು ತಾಗಿದರೆ ಬೆಂದು ಕೂರುತ್ತವೆ, ಅವಕ್ಕೆ ತಣ್ಣೀರೇ ಸರಿ. ಕಾಫಿ, ಚಹಾದ ಕಲೆಗೆ ನೀರಿನಲ್ಲಿ ಬೆರೆಸಿದ ತುಸು ವಿನಿಗರ್ ಒಗ್ಗುತ್ತದೆ. ಎಣ್ಣೆಗೆ ಮೊದಲು ಹೀರುವ ಪುಡಿ, ಆಮೇಲೆ ಹನಿ ಡಿಟರ್ಜೆಂಟ್. ಸಾಂಬಾರಿನ ಅರಿಶಿನದ ಕಲೆಗೆ ಸೋಪು ಹಚ್ಚಿ ಅದು ಕೆಂಪಾದಾಗ ಬೆಚ್ಚಿದವರುಂಟು. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವ ಮನೆಯವರು ಬೆಚ್ಚಬೇಕಿಲ್ಲ. ಸೋಪಿನ ಕ್ಷಾರವೂ ಸುಣ್ಣದ ಕೆಲಸವನ್ನೇ ಮಾಡಿದೆ. ಜಿಡ್ಡು ತೆಗೆದು ಕಾರನ್ನು ಬಿಸಿಲಿಗೆ ನಿಲ್ಲಿಸಿದರೆ ಅರಿಶಿನದ ಬಣ್ಣ ತಾನಾಗಿ ಮಾಸುತ್ತದೆ. ಯಾವುದನ್ನೇ ಆಗಲಿ ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಬೇಕು. ಉಜ್ಜದೆ ಒತ್ತಿ ಹೀರಬೇಕು. ನೀರು ಕಡಿಮೆ, ಗಾಳಿ ಹೆಚ್ಚು ಇರಬೇಕು. ಪೆಟ್ರೋಲನ್ನಂತೂ ಮುಟ್ಟಲೇಬಾರದು. ಅದರ ಆವಿ ಗಾಳಿಗಿಂತ ಭಾರ. ಕಾರಿನ ತಳದಲ್ಲಿ ಮಡುಗಟ್ಟಿ ಒಂದು ಕಿಡಿಗಾಗಿ ಕಾದಿರುತ್ತದೆ.

1930ರ ದಶಕದಲ್ಲಿ, ಪ್ರಬಲ ದ್ರಾವಕಗಳ ಭರಾಟೆಯ ನಡುವೆ, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಅಪ್‌ಪಾರ್ಕ್ ಎಂಬ ಹಳೆಯ ಬಂಗಲೆಯ ಒಡತಿ, ಲೇಡಿ ಮೀಡ್-ಫೆದರ್‌ಸ್ಟನ್ಹಾ, ಹದಿನೆಂಟನೆಯ ಶತಮಾನದ ಜೀರ್ಣ ಪರದೆಗಳನ್ನು ಉಳಿಸಲು ಹೊರಟಾಗ ಆರಿಸಿಕೊಂಡದ್ದು ಸ್ಯಾಪೊನೇರಿಯ ಎಂಬ ಗಿಡದ ಕಷಾಯವನ್ನು. ಅದರಲ್ಲಿರುವುದೂ ಅಂಟುವಾಳದಲ್ಲಿರುವ ಸ್ಯಾಪೊನಿನ್ನೇ. ಎರಡು ಶತಮಾನದ ರೇಷ್ಮೆಗೆ ಆಕೆ ಕೊಟ್ಟ ಮದ್ದಿಗೂ ನಮ್ಮ ಅಜ್ಜಿಯರು ಮದುವೆ ಸೀರೆಗೆ ಕೊಟ್ಟ ಮದ್ದಿಗೂ ಗುಣದಲ್ಲಿ ವ್ಯತ್ಯಾಸವಿಲ್ಲ. ಇಬ್ಬರೂ ಮೊದಲು ನೋಡಿದ್ದು ಬಟ್ಟೆಯನ್ನು; ಮದ್ದನ್ನು ಹುಡುಕಿದ್ದು ಆಮೇಲೆ.