ಅನಂತಪುರ: ಒಂದು ಗಡಿಗ್ರಾಮದ ನೆಲ ಮತ್ತು ಆಡಳಿತ

ಕನ್ನಡಿಗರು ಬಲ್ಲ ಅನಂತಪುರಗಳು ಹಲವು. ಕಾಸರಗೋಡಿನ ಅನಂತಪುರ ತನ್ನ ಸರೋವರ ದೇವಾಲಯದಿಂದ ಹೆಸರಾಗಿದೆ. ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ಅನಂತಪುರಕ್ಕೆ ಅಂತಹ ಪ್ರಸಿದ್ಧಿಯಿಲ್ಲ. ಆದರೂ ಮುಂಬಯಿ ಪ್ರಾಂತದ ಹಳ್ಳಿಯೊಂದು ಕರ್ನಾಟಕದ ಆಡಳಿತ ವ್ಯವಸ್ಥೆಗೆ ಹೊಂದಿಕೊಂಡ ಬಗೆಯನ್ನು ತಿಳಿಯಲು ಈ ಊರು ಉತ್ತಮ ನಿದರ್ಶನ.

ಕೃಷ್ಣಾ ನದಿ ಅಥಣಿ ಸೀಮೆಯ ದಕ್ಷಿಣ ಅಂಚಿನಲ್ಲಿ ಹರಿಯುತ್ತದೆ. ನದಿತೀರದ ಗ್ರಾಮಗಳಲ್ಲಿ ಕಬ್ಬು ಬೆಳೆದರೆ, ಮಹಾರಾಷ್ಟ್ರದ ಗಡಿಗೆ ತಾಗಿದ ಉತ್ತರ ಭಾಗ ಸಹ್ಯಾದ್ರಿಯ ಮಳೆನೆರಳಿಗೆ ಸೇರಿದ್ದು. ಅಲ್ಲಿ ಜೋಳ, ಸಜ್ಜೆ, ತೊಗರಿಗಳೇ ಹಿಂದಿನಿಂದ ಬಂದ ಬೆಳೆಗಳು. ದ್ರಾಕ್ಷಿ ತೋಟಗಳು ಬಾವಿ ಮತ್ತು ಕೊಳವೆಬಾವಿಗಳನ್ನು ನಂಬಿದಂಥವು. ಅನಂತಪುರ ಈ ಒಣ ಭಾಗದ ಊರು. ಒಂದೇ ತಾಲ್ಲೂಕಿನೊಳಗೆ ನೀರಿನ ಇಷ್ಟು ಅಂತರವಿರುವುದನ್ನು ಮರೆತರೆ ಇಲ್ಲಿನ ಆಡಳಿತದ ಇತಿಹಾಸ ಬರಿಯ ಕಾಯಿದೆಗಳ ಪಟ್ಟಿಯಾಗಿಬಿಡುತ್ತದೆ.

ಮುಂಬಯಿ ಸರಕಾರದ ಕಾಲದಲ್ಲಿ ಗ್ರಾಮದ ಅಧಿಕಾರ ವಂಶಪಾರಂಪರ್ಯದ ವತನದಾರರ ಕೈಯಲ್ಲಿತ್ತು. ಕಂದಾಯದ ವಸೂಲಿ ಗೌಡನದು, ಅಂದರೆ ಪಾಟೀಲನದು, ಲೆಕ್ಕಪತ್ರ ಕುಲಕರ್ಣಿಯದು. 1874ರ ವತನ ಕಾಯಿದೆ ಈ ವ್ಯವಸ್ಥೆಯನ್ನು ಕ್ರಮಬದ್ಧಗೊಳಿಸಿತು. 1920 ಮತ್ತು 1933ರ ಗ್ರಾಮ ಪಂಚಾಯಿತಿ ಕಾಯಿದೆಗಳು ಚುನಾಯಿತ ಪಂಚಾಯಿತಿಗೆ ಅವಕಾಶ ನೀಡಿದರೂ ದಫ್ತರ ಮಾತ್ರ ವತನದ ಮನೆಯಲ್ಲೇ ಉಳಿಯಿತು. ಹೊಲದ ಉತಾರ ಬೇಕಾದ ರೈತನು ಅದೇ ಮನೆಯ ಕಟ್ಟೆ ಹತ್ತಬೇಕಿತ್ತು.

1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕನ್ನುಳಿದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು, ಕುಲಕರ್ಣಿಯ ಸ್ಥಾನದಲ್ಲಿ ವರ್ಗವಾಗಬಲ್ಲ ಗ್ರಾಮ ಲೆಕ್ಕಿಗನನ್ನು ತಂದಿತು. ಪಂಚಾಯಿತಿ ಕಾಯಿದೆಗಳಿಗಿಂತ ಈ ಬದಲಾವಣೆಯೇ ಹಳ್ಳಿಯ ಒಳಗಿನ ಅಧಿಕಾರವನ್ನು ಹೆಚ್ಚು ಅಲುಗಿಸಿತೆನ್ನಬೇಕು. ಹಳೆಯ ಮೈಸೂರಿನ ‘ಹೋಬಳಿ’ ಎಂಬ ಮಾತು ಕಂದಾಯದ ಕಾಗದಗಳಿಗೆ ಬಂದದ್ದೂ ಏಕೀಕರಣದ ತರುವಾಯವೇ. ಮುಂಬಯಿ ಆಡಳಿತದಲ್ಲಿ ಬಳಕೆಯಲ್ಲಿದ್ದುದು ‘ಸರ್ಕಲ್’.

1983ರ ಕಾಯಿದೆಯ ಮಂಡಲ ಪಂಚಾಯಿತಿ 8,000ದಿಂದ 12,000 ಜನಸಂಖ್ಯೆಯ ಗ್ರಾಮಗುಂಪನ್ನು ಆಧರಿಸಿತ್ತು. 1987ರಲ್ಲಿ ಚುನಾವಣೆಗಳು ನಡೆದವು. ಆ ಪ್ರಯೋಗ ಬೇರೂರುವ ಮೊದಲೇ 1993ರ ಪಂಚಾಯತ್ ರಾಜ್ ಕಾಯಿದೆ ಬಂದು ಘಟಕವನ್ನು 5,000ದಿಂದ 7,000ಕ್ಕೆ ಇಳಿಸಿತು. ಸುಮಾರು 400 ಜನರಿಗೆ ಒಬ್ಬ ಸದಸ್ಯನಂತೆ ಪ್ರಾತಿನಿಧ್ಯ ದೊರೆಯಿತು. ಹಳ್ಳಿ ಮತ್ತೆ ತನ್ನ ಕಣ್ಣಳತೆಯ ಆಡಳಿತಕ್ಕೆ ಮರಳಿತು.

ಆದರೆ ಎಲ್ಲೆಗಳು ಒಂದಕ್ಕೊಂದು ಕೂಡಲಿಲ್ಲ. 2018ರಲ್ಲಿ ಕಾಗವಾಡ ಪ್ರತ್ಯೇಕ ತಾಲ್ಲೂಕಾದರೂ ಅನಂತಪುರ ಅಥಣಿಯಲ್ಲೇ ಉಳಿಯಿತು. ವಿಧಾನಸಭೆಗೆ ಮಾತ್ರ ಅದು ಕಾಗವಾಡ ಕ್ಷೇತ್ರ. ಮತ ಒಂದು ಕಡೆ, ಕಚೇರಿ ಇನ್ನೊಂದು ಕಡೆ. ಜಿಲ್ಲಾಕೇಂದ್ರವಂತೂ ಮತ್ತೂ ದೂರ: ಅಥಣಿಯಿಂದ ಬೆಳಗಾವಿಗಿಂತ ಮಿರಜವೂ ವಿಜಯಪುರವೂ ಹತ್ತಿರ. 1997ರಲ್ಲಿ ಚಿಕ್ಕೋಡಿ ಜಿಲ್ಲೆಯ ರಚನೆ ಪ್ರಕಟವಾಗಿ ಹಿಂದೆ ಸರಿಯಿತು. ಗಡಿವಿವಾದದ ಭೀತಿಯಿಂದ ಅಖಂಡ ಬೆಳಗಾವಿಯನ್ನು ಕಾಯಬೇಕೆಂಬ ವಾದ ಅಂದು ಗೆದ್ದಿತು. ಅದರ ಪ್ರಯಾಣವೆಚ್ಚವನ್ನು ಭರಿಸುತ್ತಿರುವವರು ಇಂತಹ ಗ್ರಾಮಗಳವರು.

ನೀರಿನ ವಿಷಯದಲ್ಲಿ ಈ ದೂರ ಇನ್ನಷ್ಟು ಕಾಣುತ್ತದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಕುಡಿಯುವ ನೀರೂ ಸಣ್ಣ ನೀರಾವರಿಯೂ ಸೇರಿವೆ. ಕೃಷ್ಣೆಯ ಹಂಚಿಕೆಯಾದರೋ ನ್ಯಾಯಮಂಡಳಿಗಳಿಗೆ ಬಿಟ್ಟದ್ದು; ಉತ್ತರದ ಒಣಹಳ್ಳಿಗಳಿಗೆ ನದಿನೀರನ್ನು ಎತ್ತಿ ತರಲು ರೂಪಿಸಿದ ಖಿಳೇಗಾವ ಬಸವೇಶ್ವರ ಏತ ನೀರಾವರಿ ಯೋಜನೆ ರಾಜ್ಯದ ನೀರಾವರಿ ಆಡಳಿತದ್ದು. ಬೇಸಗೆಯಲ್ಲಿ ಕೊಳವೆಬಾವಿ ಬತ್ತಿದಾಗ ಜನ ಮೊದಲು ಬಂದು ಕೇಳುವುದು ಮಾತ್ರ ಗ್ರಾಮ ಪಂಚಾಯಿತಿಯ ಬಾಗಿಲಲ್ಲಿ.