ಮನೆ ಪರಿಶೀಲನಾ ವರದಿ: ಫೋಟೊ ಹೆಚ್ಚಿದ್ದರೆ ಸಾಕೇ?

ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆಯ ಬಿರುಕು, ಸೋರುವ ಮಾಳಿಗೆ, ಕುಸಿದ ಪಾಯದ ಫೋಟೊಗಳು ಮೊಬೈಲಿನಲ್ಲಿ ತುಂಬಿರುತ್ತವೆ. ‘ಇಷ್ಟು ಫೋಟೊ ಇವೆಯಲ್ಲ, ವರದಿಗೆ ಇನ್ನೇನು ಬೇಕು?’ ಎಂದು ಹಲವರು ಕೇಳುತ್ತಾರೆ. ಆದರೆ ಯಾವ ಕೋಣೆಯ ಯಾವ ಗೋಡೆ, ಬಿರುಕಿನ ಅಗಲವೆಷ್ಟು ಎಂದು ತಿಳಿಸದ ನೂರು ಫೋಟೊಗಳಿಗಿಂತ ಅಳತೆ ಸಮೇತ ತೆಗೆದ ಐದು ಫೋಟೊಗಳೇ ಮೇಲು. ಇದಕ್ಕೆ ತಕ್ಕಂತೆ ತಂತ್ರಾಂಶವನ್ನು ಸಿದ್ಧಪಡಿಸಿಕೊಳ್ಳುವುದು ಹೇಗೆಂದು ನೋಡೋಣ.

ವರದಿಗೆ ಏಕಿಷ್ಟು ಮಹತ್ವ?

2019ರ ಆಗಸ್ಟ್‌ನ ಪ್ರವಾಹದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಅನೇಕ ಮನೆಗಳು ಬಿದ್ದವು. ಹಾನಿಯ ವಿವರಗಳನ್ನು ರಾಜೀವ್ ಗಾಂಧಿ ವಸತಿ ನಿಗಮದ ತಂತ್ರಾಂಶದಲ್ಲಿ ದಾಖಲಿಸಲಾಯಿತು. ಶೇ 75ಕ್ಕಿಂತ ಹೆಚ್ಚು ಹಾನಿಯಾದ ಮನೆ ‘ಎ’ ವರ್ಗ, ಶೇ 25ರಿಂದ 75ರಷ್ಟಾದರೆ ‘ಬಿ’, ಶೇ 15ರಿಂದ 25ರಷ್ಟಾದರೆ ‘ಸಿ’. ‘ಎ’ ವರ್ಗಕ್ಕೆ 5 ಲಕ್ಷ ರೂಪಾಯಿ, ‘ಸಿ’ ವರ್ಗಕ್ಕೆ 50 ಸಾವಿರ ರೂಪಾಯಿ ಪರಿಹಾರ ಘೋಷಣೆಯಾಯಿತು. ಒಂದು ಅಕ್ಷರ ಬದಲಾದರೆ ಹೊಸ ಮನೆ ಕಟ್ಟುವ ಮಾತು ತೇಪೆ ಹಚ್ಚುವಲ್ಲಿಗೆ ಇಳಿಯುತ್ತದೆ.

ನಾವೇ ಮಾಡಿಕೊಂಡ ವರದಿ ಸರ್ಕಾರಿ ಸಮೀಕ್ಷೆಗೆ ಬದಲಿಯಲ್ಲ. ಆದರೆ ಆಕ್ಷೇಪಣೆ ಸಲ್ಲಿಸುವಾಗ, ಗೌಂಡಿಯೊಡನೆ ಖರ್ಚಿನ ಲೆಕ್ಕ ಹಾಕುವಾಗ, ಹಳೆಯ ಮನೆ ಕೊಳ್ಳುವಾಗ ಅದು ನೆರವಾಗುತ್ತದೆ.

ಯಾವ ತಂತ್ರಾಂಶ?

ವಿದೇಶಗಳಲ್ಲಿ ಮನೆ ತಪಾಸಣೆಗೆಂದೇ ಹಣ ಕೊಟ್ಟು ಬಳಸುವ ತಂತ್ರಾಂಶಗಳಿವೆ. ಅವುಗಳ ಸಿದ್ಧ ನಮೂನೆಗಳು ಅಲ್ಲಿನ ಮನೆಗಳಿಗೆ ಹೊಂದುವಂಥವು. ನಮ್ಮ ಮನೆಗಳಿಗೆ ಒಡಿಕೆ, ಕೋಬೊಟೂಲ್‌ಬಾಕ್ಸ್‌ನಂಥ ಸಮೀಕ್ಷಾ ತಂತ್ರಾಂಶಗಳು ಸಾಕು. ಇವುಗಳಲ್ಲಿ ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆಯಬಹುದು. ಸಿಗ್ನಲ್ ಇಲ್ಲದಿದ್ದರೂ ಮೊಬೈಲಿನಲ್ಲಿ ತುಂಬಿ, ಆಮೇಲೆ ಕಳುಹಿಸಬಹುದು.

ನಮೂನೆ ಸಿದ್ಧಪಡಿಸುವ ಕ್ರಮ

1. ಮನೆಯ ಗುರುತು: ಜಿಪಿಎಸ್ ಒಂದನ್ನೇ ನಂಬಬೇಡಿ. ಬಯಲಿನಲ್ಲೂ ಮೊಬೈಲ್ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸಬಹುದು. ಹತ್ತರಗಿಯಂಥ ಊರಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿದ್ದರೆ ಅದು ಪಕ್ಕದ ಮನೆಯೇ ಆದೀತು. ಪಂಚಾಯಿತಿಯ ಆಸ್ತಿ ಸಂಖ್ಯೆಯನ್ನು ಕಡ್ಡಾಯ ಪ್ರಶ್ನೆಯಾಗಿಸಿ.

2. ಕಟ್ಟಡದ ಬಗೆ: ಮಣ್ಣಿನ ಮಾಳಿಗೆ, ಹಂಚು, ತಗಡು, ಆರ್‌ಸಿಸಿ ಎಂಬ ಆಯ್ಕೆಗಳನ್ನು ಕೊಡಿ. ಉತ್ತರಕ್ಕೆ ತಕ್ಕ ಪ್ರಶ್ನೆಗಳು ಮಾತ್ರ ತೆರೆಯುವಂತೆ ಮಾಡಿ. ಆರ್‌ಸಿಸಿ ಮನೆಗೆ ತೊಲೆಯ ಗೆದ್ದಲಿನ ಪ್ರಶ್ನೆ ಬಂದರೆ ಸಮಯ ವ್ಯರ್ಥ.

3. ದೋಷಕ್ಕೊಂದು ದಾಖಲೆ: ಕೋಣೆ, ಗೋಡೆಯ ದಿಕ್ಕು, ಬಿರುಕಿನ ಉದ್ದ ಮತ್ತು ಅಗಲ, ಎರಡು ಫೋಟೊ. ಒಂದು ದೂರದಿಂದ ಇಡೀ ಗೋಡೆಯದು, ಇನ್ನೊಂದು ಸ್ಕೇಲ್ ಇಟ್ಟು ಹತ್ತಿರದಿಂದ ತೆಗೆದದ್ದು. ಪ್ರತಿ ದೋಷಕ್ಕೂ ಇದೇ ಪ್ರಶ್ನೆಗಳು ಮರುಕಳಿಸಲಿ.

4. ಕಂಡದ್ದು, ಊಹಿಸಿದ್ದು ಬೇರೆ ಬೇರೆ: ‘ಬಿರುಕು 8 ಮಿಲಿಮೀಟರ್’ ಎನ್ನುವುದು ಕಂಡದ್ದು, ‘ಪಾಯ ಕುಸಿದಿದೆ’ ಎನ್ನುವುದು ಊಹೆ. ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದಲೂ ಬಿರುಕು ಬೀಳುತ್ತದೆ. ಆದ್ದರಿಂದ ಕಾರಣಕ್ಕೆ ಪ್ರತ್ಯೇಕ ಜಾಗವಿರಲಿ. ದಿನಾಂಕ ತಾನಾಗಿ ದಾಖಲಾಗಲಿ. ಕೆಲವು ತಿಂಗಳ ಬಳಿಕ ಅಳೆದು ಹೋಲಿಸಬಹುದು.

5. ‘ನೋಡಲಾಗಲಿಲ್ಲ’ ಎಂಬ ಆಯ್ಕೆ: ಇದಿಲ್ಲದಿದ್ದರೆ ಬೀಗ ಹಾಕಿದ ಕೋಣೆಯೂ ‘ಸರಿಯಿದೆ’ ಎಂದೇ ದಾಖಲಾದೀತು.

6. ತುರ್ತು: ‘ತಕ್ಷಣ’, ‘ಮುಂದಿನ ಮಳೆಗೆ ಮೊದಲು’, ‘ಗಮನಿಸುತ್ತಿರಿ’ ಎಂಬ ಮೂರೇ ದರ್ಜೆಗಳು ಸಾಕು.

ಬಳಸುವ ಮುನ್ನ

ಒಂದೇ ಮನೆಯನ್ನು ಇಬ್ಬರು ಬೇರೆ ಬೇರೆಯಾಗಿ ನೋಡಿ ತುಂಬಲಿ. ಉತ್ತರಗಳು ಎಲ್ಲಿ ಹೊಂದುವುದಿಲ್ಲವೋ ಆ ಪ್ರಶ್ನೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಿ. ‘ದೊಡ್ಡ ಬಿರುಕೇ?’ ಎಂಬುದಕ್ಕಿಂತ ‘ಅಗಲ ಎಷ್ಟು ಮಿಲಿಮೀಟರ್?’ ಎಂಬ ಪ್ರಶ್ನೆ ಒಳ್ಳೆಯದು. ಆಧಾರ್, ಬ್ಯಾಂಕ್ ಖಾತೆಯ ವಿವರ ಈ ನಮೂನೆಗೆ ಬೇಕಿಲ್ಲ.

ವಾಲಿದ ಗೋಡೆ, ಜೋತುಬಿದ್ದ ಸೂರಿನ ಕೆಳಗೆ ಫೋಟೊಗಾಗಿ ಹೋಗಬೇಡಿ. ಅಂಥ ಮನೆ ವಾಸಕ್ಕೆ ಯೋಗ್ಯವೇ ಎಂದು ಹೇಳಬೇಕಾದವರು ಎಂಜಿನಿಯರ್. ಆ್ಯಪ್ ಆ ತೀರ್ಮಾನ ಕೊಡಲಾರದು. ಅವರು ನಿರ್ಧರಿಸಲು ಬೇಕಾದ ಅಳತೆ, ಜಾಗ, ದಿನಾಂಕಗಳನ್ನು ಒಂದೂ ಬಿಡದೆ ಒದಗಿಸುವುದಷ್ಟೇ ಒಳ್ಳೆಯ ನಮೂನೆಯ ಕೆಲಸ.