ಪ್ರವಚನದ ಆಡಂಬರವನ್ನು ಗೇಲಿ ಮಾಡಿದ ಪುಸ್ತಕ

ಒಂದು ಮಾತೂ ಅರ್ಥವಾಗದಿದ್ದರೂ 'ಎಂಥಾ ಪಂಡಿತರಪ್ಪಾ!' ಎಂದು ತಲೆದೂಗುವವರನ್ನು ನಾವೆಲ್ಲ ನೋಡಿದ್ದೇವೆ. 250 ವರ್ಷಗಳಿಗೂ ಹಿಂದೆ ಸ್ಪೇನ್ ದೇಶದ ಹಳ್ಳಿಗಳಲ್ಲೂ ಇದೇ ಕಥೆ. ಚರ್ಚಿನಲ್ಲಿ ಉಪದೇಶ ಮಾಡುವ ಎಷ್ಟೋ ಸನ್ಯಾಸಿಗಳು ಲ್ಯಾಟಿನ್ ತುಣುಕು, ಪದಗಳ ಕಸರತ್ತು, ನಾಟಕದ ಹಾವಭಾವ ಬೆರೆಸಿ ಅಬ್ಬರಿಸುತ್ತಿದ್ದರು. ರೈತರು ಬರಿಗೈಲಿ ಮನೆಗೆ ಹೋಗುತ್ತಿದ್ದರು.

ಇದನ್ನು ಕಂಡು ರೋಸಿಹೋದವರು ಹೋಸೆ ಫ್ರಾನ್ಸಿಸ್ಕೊ ದೆ ಇಸ್ಲಾ. ಅವರೂ ಪಾದ್ರಿಯೇ, ಜೆಸ್ವಿಟ್ ಸಂಘದವರು. 1758ರಲ್ಲಿ ಬೇರೊಬ್ಬ ಪಾದ್ರಿಯ ಹೆಸರಿನಲ್ಲಿ ಅವರು ಒಂದು ಕಾದಂಬರಿಯ ಮೊದಲ ಭಾಗವನ್ನು ಹೊರತಂದರು.

ಕಥಾನಾಯಕ ಹೆರುಂದಿಯೊ, ಕಾಂಪಾಸಾಸ್ ಎಂಬ ಹಳ್ಳಿಯ ರೈತನ ಮಗ. ಲ್ಯಾಟಿನ್ ವ್ಯಾಕರಣದ ಒಂದು ಪದವನ್ನೇ ಅವನಿಗೆ ಹೆಸರಾಗಿ ಇಟ್ಟಿದ್ದಾರೆ! ಮನೆಗೆ ಬರುವ ಸನ್ಯಾಸಿಗಳ ಮಾತು ಕೇಳುತ್ತಲೇ ಬೆಳೆದ ಹುಡುಗ, ಅರೆಬರೆ ಓದಿನಲ್ಲೇ ಉಪದೇಶಕ್ಕೆ ನಿಲ್ಲುತ್ತಾನೆ. ಅವನಿಗೆ ಮಾದರಿಯಾದ ಬ್ಲಾಸ್ ಎಂಬ ಸನ್ಯಾಸಿಯದು ಇನ್ನೂ ದೊಡ್ಡ ಆಟ. ಧರ್ಮದ ಮೂಲ ನಂಬಿಕೆಯನ್ನೇ ತಾನು ಒಪ್ಪುವುದಿಲ್ಲ ಎಂದು ಆತ ಮೊದಲು ಗುಡುಗುತ್ತಾನೆ. ಜನ ಬೆಚ್ಚಿಬೀಳುತ್ತಾರೆ. ಸ್ವಲ್ಪ ತಡೆದು, ಹಾಗೆನ್ನುವವರು ಧರ್ಮದ್ರೋಹಿಗಳು ಎಂದು ಮಾತು ತಿರುಗಿಸುತ್ತಾನೆ. ಜನ ನಿಟ್ಟುಸಿರು ಬಿಡುತ್ತಾರೆ. ಉಪದೇಶದಲ್ಲಿ ತಿರುಳು ಮಾತ್ರ ಇಲ್ಲ.

ಅಚ್ಚಾದ ಪ್ರತಿಗಳು ಕೆಲವೇ ದಿನಗಳಲ್ಲಿ ಖಾಲಿಯಾದವು. ಓದಿದವರು ತಮ್ಮೂರಿನ ಹೆರುಂದಿಯೊ ಯಾರೆಂದು ಗುರುತಿಸಿ ನಕ್ಕರು. ಸನ್ಯಾಸಿ ಸಂಘಗಳು ಮಾತ್ರ ಕೆರಳಿದವು. ಧರ್ಮದ ಹೆಸರಿನಲ್ಲಿ ಪುಸ್ತಕಗಳನ್ನೂ ಜನರನ್ನೂ ವಿಚಾರಣೆ ಮಾಡುತ್ತಿದ್ದ ಇನ್‌ಕ್ವಿಜಿಷನ್ ಎಂಬ ನ್ಯಾಯಮಂಡಳಿಗೆ ದೂರು ಹೋಯಿತು. ಅದೇ ವರ್ಷ ಮರುಮುದ್ರಣ ನಿಂತಿತು. 1760ರಲ್ಲಿ ಪೂರ್ತಿ ನಿಷೇಧ ಬಂತು. ಪುಸ್ತಕದ ಪರವಾಗಲಿ, ವಿರೋಧವಾಗಲಿ ಯಾರೂ ಬರೆಯಕೂಡದು ಎಂದೂ ಆಜ್ಞೆಯಾಯಿತು.

ನಮಗೆ ಮುಖ್ಯವಾಗಿ ಕಾಣುವುದು ಇದೇ. ಇಸ್ಲಾ ನಕ್ಕದ್ದು ದೇವರನ್ನಲ್ಲ, ಭಕ್ತಿಯನ್ನೂ ಅಲ್ಲ. ಹಳ್ಳಿಯವರಿಗೆ ತಿಳಿಯುವಂತೆ ಒಳ್ಳೆಯ ಮಾತು ಹೇಳಿ ಎಂಬುದಷ್ಟೇ ಅವರ ಬೇಡಿಕೆ. ಆಡಂಬರದವರು ತಮಗಾದ ಅವಮಾನವನ್ನು ಧರ್ಮಕ್ಕೇ ಆದ ಅವಮಾನವೆಂದು ತೋರಿಸಿದರು. ಚರ್ಚೆಯ ಬಾಗಿಲೇ ಮುಚ್ಚಿತು.

1767ರಲ್ಲಿ ರಾಜ ಮೂರನೇ ಕಾರ್ಲೋಸ್ ಜೆಸ್ವಿಟರನ್ನೆಲ್ಲ ದೇಶದಿಂದ ಹೊರಹಾಕಿದ. ಅದಕ್ಕೆ ಕಾರಣ ಬೇರೆ. ಆದರೆ ಇಸ್ಲಾ ಅವರೂ ಹೊರಡಬೇಕಾಯಿತು. ಮರುವರ್ಷ ಕಾದಂಬರಿಯ ಎರಡನೇ ಭಾಗ ಕದ್ದುಮುಚ್ಚಿ ಅಚ್ಚಾಯಿತು. 1781ರಲ್ಲಿ ಇಸ್ಲಾ ಇಟಲಿಯ ಬೊಲೊನ್ಯದಲ್ಲಿ ತೀರಿಕೊಂಡರು.

ನಿಷೇಧಿಸಿದ ಇನ್‌ಕ್ವಿಜಿಷನ್ ಇಂದು ಇಲ್ಲ. ಪುಸ್ತಕ ಇದೆ. ಮುಂದಿನ ಸಲ ಯಾವುದೇ ವೇದಿಕೆಯ ಅಬ್ಬರಕ್ಕೆ ತಲೆದೂಗುವ ಮೊದಲು, ಇದರಲ್ಲಿ ನಮಗೆ ತಿಳಿದದ್ದೇನು ಎಂದು ಒಮ್ಮೆ ಕೇಳಿಕೊಳ್ಳೋಣ.